ಷಡ್ಜ ಹುಡುಕಬೇಡಿ: ‘ಪ್ಲ್ಯಾನೆಟ್ ಆಫ್ ದಿ ಏಪ್ಸ್’ ಸಂಗೀತ ಕೇಳುವ ಬಗೆ

ಚಿತ್ರದುರ್ಗದಲ್ಲಿ ನಾನು ಮಕ್ಕಳಿಗೆ ಪಿಟೀಲು ಹೇಳಿಕೊಡುತ್ತೇನೆ. ಸಂಜೆ ನಾಲ್ಕೂವರೆಗೆ ಶ್ರುತಿಪೆಟ್ಟಿಗೆ ಹಾಕಿದರೆ ಆಫ್ ಮಾಡುವುದು ಏಳೂವರೆಗೆ. ಮೂವತ್ತು ವರ್ಷದಿಂದ ಇದೇ ಕೆಲಸ. ಹಾಗಾಗಿ ಏನೇ ಸದ್ದು ಬಿದ್ದರೂ ನನ್ನ ಕಿವಿ ಮೊದಲು ಅದರ ಷಡ್ಜ, ಅಂದರೆ ಉಳಿದ ಸ್ವರಗಳಿಗೆಲ್ಲ ಆಧಾರವಾದ ‘ಸ’, ಎಲ್ಲಿದೆ ಅಂತ ತಡಕಾಡುತ್ತದೆ. ಇಂಥ ಕಿವಿಗೆ ಅಮೆರಿಕದ ಸಂಗೀತಗಾರ ಜೆರ್ರಿ ಗೋಲ್ಡ್‌ಸ್ಮಿತ್ 1968ರಲ್ಲಿ ‘ಪ್ಲ್ಯಾನೆಟ್ ಆಫ್ ದಿ ಏಪ್ಸ್’ (ವಾನರರ ಗ್ರಹ) ಅನ್ನುವ ಸಿನಿಮಾಕ್ಕೆ ಮಾಡಿದ ಹಿನ್ನೆಲೆ ಸಂಗೀತ ಮೊದಲ ಸಲ ಬಿದ್ದಾಗ ಎರಡು ನಿಮಿಷ ತಡೆಯಲಾಗಲಿಲ್ಲ.

ಕೇಳಿಸಿದವನು ನನ್ನ ಅಣ್ಣನ ಮಗ. ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ. ಶನಿವಾರ ಬಂದವನು “ಅತ್ತೆ, ಇದನ್ನೊಂದು ಕೇಳಿ” ಅಂತ ಮೊಬೈಲನ್ನು ಅಡುಗೆಮನೆ ಕಟ್ಟೆಯ ಮೇಲಿಟ್ಟ. ನಾನು ಅವರೆಕಾಯಿ ಸುಲಿಯುತ್ತ ಕೂತಿದ್ದೆ. ಅಲ್ಲೊಂದು ಟಕ್, ಇಲ್ಲೊಂದು ಠಣ್, ನಡುವೆ ಎಲ್ಲಿಂದಲೋ ಒಂದು ಕೊಳಲಿನೆಳೆ. “ಇದಕ್ಕೆ ಆಧಾರವೇ ಇಲ್ಲವಲ್ಲೋ” ಅಂದೆ. “ಅದಕ್ಕೇ ಕೇಳಿ ಅಂದದ್ದು” ಅಂದ. ನಾನು ಆಫ್ ಮಾಡಿಸಿದೆ.

ಆಮೇಲೆ ಒಂದು ವರ್ಷ ಅದೇ ಸಂಗೀತದ ಹಿಂದೆ ಬಿದ್ದೆ. ಈಗ ನನಗೆ ಅದು ತುಂಬ ಬೇಕಾದ ಸಂಗೀತ. ಅವತ್ತಿನ ತಪ್ಪು ನಾನು ಕೇಳಿದ ರೀತಿಯಲ್ಲಿತ್ತು. ಭಜನೆ, ಕೀರ್ತನೆ, ಸಿನಿಮಾ ಹಾಡು ಕೇಳಿ ಬೆಳೆದ ನಮ್ಮಂಥ ಕಿವಿಗಳು ಇದರೊಳಕ್ಕೆ ಹೋಗಲು ಯಾವ ಬಾಗಿಲು ತಟ್ಟಬೇಕು ಅಂತ ನಾನು ಕಂಡುಕೊಂಡದ್ದನ್ನು ಬರೆಯುತ್ತೇನೆ.

ಮೊದಲು ಸಿನಿಮಾ ನೋಡಿ. 112 ನಿಮಿಷದ್ದು. ಸಂಗೀತವನ್ನು ಸಂಗೀತವಾಗಿಯೇ ಕೇಳಬೇಕು, ಚಿತ್ರ ಬೇಡ ಅನ್ನುವವರಿದ್ದಾರೆ. ಬೇರೆ ಚಿತ್ರಗಳಿಗೆ ಒಪ್ಪುತ್ತೇನೆ, ಇದಕ್ಕೆ ಒಪ್ಪಲಾರೆ. ಫ್ರಾಂಕ್ಲಿನ್ ಶಾಫ್ನರ್ ನಿರ್ದೇಶನದ ಈ ಕಥೆಯಲ್ಲಿ ಮೂವರು ಗಗನಯಾತ್ರಿಗಳ ನೌಕೆ ಒಂದು ಕೆರೆಗೆ ಬೀಳುತ್ತದೆ. ಈಜಿ ದಡ ಸೇರಿ, ಹುಲ್ಲುಕಡ್ಡಿಯೂ ಇಲ್ಲದ ಬಂಡೆಗಾಡಿನಲ್ಲಿ ನಡೆಯುತ್ತ ಹೋಗುತ್ತಾರೆ. ತಾವು ಎಲ್ಲಿದ್ದೇವೆ ಅಂತ ಅವರಿಗೆ ಗೊತ್ತಿಲ್ಲ. ಆ ಗೊತ್ತಿಲ್ಲದಿರುವಿಕೆಯೇ ಸಂಗೀತದ ಬೀಜ. ನೋಡುವಾಗ ಸಂಗೀತದ ಕಡೆ ಗಮನ ಕೊಡಬೇಕಿಲ್ಲ, ಸುಮ್ಮನೆ ಕಥೆ ನೋಡಿ. ಕೊನೆ ಏನಾಗುತ್ತದೆ ಅಂತ ಯಾರನ್ನೂ ಮುಂಚೆ ಕೇಳಬೇಡಿ, ನಾನೂ ಹೇಳುವುದಿಲ್ಲ.

ಇನ್ನು ಕೇಳುವ ಸಿದ್ಧತೆ. ಮೊಬೈಲಿನ ಸ್ಪೀಕರ್ ಬೇಡವೇ ಬೇಡ. ಈ ಸಂಗೀತದ ಅರ್ಧ ಜೀವ ಮಂದ್ರದಲ್ಲಿ, ಅಂದರೆ ತಗ್ಗಿನ ಸ್ವರಗಳಲ್ಲಿದೆ: ಪಿಯಾನೋದ ಎಡತುದಿಯ ಮನೆಗಳು, ದಪ್ಪ ತಂತಿವಾದ್ಯಗಳು, ದೊಡ್ಡ ಚರ್ಮವಾದ್ಯಗಳು. ಚಿಕ್ಕ ಸ್ಪೀಕರಿನಲ್ಲಿ ಅವು ಹುಟ್ಟುವುದೇ ಇಲ್ಲ. ಮೇಲಿನ ಟಕ್ ಠಣ್ ಮಾತ್ರ ಉಳಿದು, ಬೇರಿಲ್ಲದ ಎಲೆಗಳ ಹಾಗೆ ಕೇಳುತ್ತದೆ. ಅವತ್ತು ಅಡುಗೆಮನೆ ಕಟ್ಟೆಯ ಮೇಲೆ ಆದದ್ದೂ ಇದೇ. ಕಿವಿ ಪೂರ್ತಿ ಮುಚ್ಚುವ ವೈರಿನ ಹೆಡ್‌ಫೋನ್ ಸಾಕು, ದುಬಾರಿಯದ್ದು ಬೇಕಿಲ್ಲ. ಫ್ಯಾನ್ ಆಫ್ ಮಾಡಿ, ಅದರ ಗುಂಯ್ ಸದ್ದು ಮಂದ್ರವನ್ನೆಲ್ಲ ನುಂಗಿಬಿಡುತ್ತದೆ. ನಾನು ಬೆಳಿಗ್ಗೆ ಐದಕ್ಕೆ ಕೂರುತ್ತೇನೆ. ಪಕ್ಕದ ಮನೆಯವರು ಟ್ಯಾಂಕಿಗೆ ಮೋಟಾರ್ ಹಾಕುವ ಮುಂಚೆ ಸಿಗುವ ಒಂದು ಗಂಟೆ ಅದು.

ವಾಲ್ಯೂಮ್ ವಿಷಯದಲ್ಲಿ ಒಂದು ಮಾತು. ನಮ್ಮ ಹಾಡುಗಳಲ್ಲಿ ಶುರುವಿನಿಂದ ಕೊನೆವರೆಗೆ ಗಟ್ಟಿತನ ಹೆಚ್ಚುಕಡಿಮೆ ಒಂದೇ. ಇಲ್ಲಿ ಹಾಗಲ್ಲ. ‘ದಿ ಹಂಟ್’ ಅನ್ನುವ ತುಂಡಿನಲ್ಲಿ ಅತಿ ಜೋರಾದ ಜಾಗ ಹುಡುಕಿ, ಅದು ಕಿವಿಗೆ ನೋವಾಗದಂತೆ ವಾಲ್ಯೂಮ್ ಇಡಿ. ಆಮೇಲೆ ಮೊದಲಿಗೆ ಹೋಗಿ. ಮೆಲ್ಲಗಿನ ಜಾಗಗಳು ತೀರ ಮೆಲ್ಲಗೆ ಅನ್ನಿಸುತ್ತವೆ. ಅನ್ನಿಸಲಿ, ಮೇಲೆ ಏರಿಸಬೇಡಿ. ಕಿವಿಯೇ ಮುಂದೆ ಬಾಗಬೇಕು.

ಇಡೀ ಸಂಗೀತವನ್ನು ಒಂದೇ ಕೂತಲ್ಲಿ ಕೇಳಬೇಡಿ. ಮೊದಲ ವಾರಕ್ಕೆ ಮೂರೇ ತುಂಡು: ‘ಮೇನ್ ಟೈಟಲ್’, ‘ದಿ ಸರ್ಚರ್ಸ್’, ‘ದಿ ಹಂಟ್’. ದಿನಕ್ಕೊಂದು ತುಂಡು, ಎರಡು ಸಲ.

ಮೊದಲ ಸುತ್ತಿನಲ್ಲಿ ರಾಗ, ತಾಳ, ಅರ್ಥ ಯಾವುದೂ ಬೇಡ. ಒಂದೇ ಪ್ರಶ್ನೆ ಇರಲಿ: ಈ ಸದ್ದು ಯಾವ ವಸ್ತುವಿನದು? ಮರವೋ, ಚರ್ಮವೋ, ಲೋಹವೋ, ಉಸಿರೋ? ಗೋಲ್ಡ್‌ಸ್ಮಿತ್ ಇದರಲ್ಲಿ ಅಡುಗೆಮನೆಯ ಸ್ಟೀಲ್ ಬಟ್ಟಲುಗಳನ್ನು, ಹಿಟ್ಟು ಕಲಸುವಂಥವನ್ನು, ತಾಳವಾದ್ಯವಾಗಿ ಬಳಸಿದ್ದಾರೆ. ಇದನ್ನು ಓದಿದ ದಿನ ನಾನು ಎದ್ದು ಹೋಗಿ ನಮ್ಮನೆಯ ಬಟ್ಟಲುಗಳನ್ನೆಲ್ಲ ಕೆಳಗಿಳಿಸಿದೆ. ನೀವೂ ಮಾಡಿ ನೋಡಿ. ಅಗಲ ಬಾಯಿಯ ಸ್ಟೀಲ್ ಬಟ್ಟಲನ್ನು ಬೆರಳ ತುದಿಗಳ ಮೇಲೆ ನಿಲ್ಲಿಸಿಕೊಂಡು, ಮರದ ಸೌಟಿನ ಹಿಡಿಯಿಂದ ಅಂಚಿಗೆ ಹೊಡೆಯಿರಿ. ಆಮೇಲೆ ತಳಕ್ಕೆ. ಅಂಚಿನ ಸದ್ದು ಉದ್ದಕ್ಕೆ ನಡುಗುತ್ತ ಹೋಗುತ್ತದೆ, ತಳದ್ದು ತಟ್ಟನೆ ನಿಲ್ಲುತ್ತದೆ. ಬಟ್ಟಲಿಗೆ ಎರಡು ಲೋಟ ನೀರು ಹಾಕಿ ಅಲ್ಲಾಡಿಸುತ್ತ ಹೊಡೆದರೆ ಸ್ವರ ಬಾಗುತ್ತದೆ. ಹತ್ತು ನಿಮಿಷ ಹೀಗೆ ಹೊಡೆದು ಹೆಡ್‌ಫೋನ್ ಹಾಕಿಕೊಂಡಾಗ, ಮೊದಲು ಗದ್ದಲವಾಗಿ ಕೇಳಿದ್ದ ಠಣ್ ಸದ್ದು ನನಗೆ ಒಂದು ವಸ್ತುವಾಗಿ ಕಂಡಿತು. ಅದಕ್ಕೊಂದು ಅಂಚಿತ್ತು, ತಳವಿತ್ತು, ಹಿಡಿದ ಕೈ ಇತ್ತು.

ಉಸಿರಿನ ಸದ್ದುಗಳನ್ನೂ ಹುಡುಕಿ. ಫ್ರೆಂಚ್ ಹಾರ್ನ್ ನುಡಿಸುವವರಿಗೆ ಬಾಯಿಗಿಡುವ ತುಂಡನ್ನು ತೆಗೆದು ಊದಲು ಹೇಳಿದ್ದಾರೆ. ಮರದ ಊದುವಾದ್ಯದವರಿಗೆ ಊದದೇ ಬರೀ ಕೀಲಿಗಳನ್ನು ಒತ್ತಲು ಹೇಳಿದ್ದಾರೆ. ಕೊಳಲಿನವರು ಊದದೆ ತೂತುಗಳ ಮೇಲೆ ಬೆರಳು ತಟ್ಟಿದರೆ ಬರುವ ಪಟಪಟ ನಿಮಗೆ ಗೊತ್ತಲ್ಲ, ಆ ಜಾತಿಯದು. ಇದು ಚಮತ್ಕಾರಕ್ಕೆ ಮಾಡಿದ್ದಲ್ಲ. ವಾದ್ಯ ಪರಿಚಿತವಾಗಿ ಕೇಳಿಬಿಟ್ಟರೆ ನಾವು ನಮ್ಮ ಭೂಮಿಯ ಮೇಲೇ ಇದ್ದೇವೆ ಅನ್ನುವ ಧೈರ್ಯ ಬಂದುಬಿಡುತ್ತದೆ. ಸಂಗೀತಗಾರ ಆ ಧೈರ್ಯ ಕೊಡಬಾರದು ಅಂತ ನಿರ್ಧರಿಸಿದ್ದಾರೆ. ಸಿಂಥಸೈಸರ್‌ಗೆ ಕೈ ಹಾಕದೆ, ಮನುಷ್ಯರ ಕೈ ಬಾಯಿಗಳಿಂದಲೇ ಬೇರೊಂದು ಲೋಕ ಕಟ್ಟಿದ್ದಾರೆ.

ನನಗೆ ಬಾಗಿಲು ತೆರೆದದ್ದು ಮಾತ್ರ ಒಂದು ಜಾತ್ರೆಯಲ್ಲಿ. ಚಳ್ಳಕೆರೆ ಸೀಮೆಯ ಹಳ್ಳಿಯೊಂದಕ್ಕೆ ನೆಂಟರ ಜೊತೆ ಹೋಗಿದ್ದೆ. ದೇವರ ಮುಂದೆ ಉರುಮೆ ಬಾರಿಸುತ್ತಿದ್ದರು. ನಮ್ಮ ಕಡೆಯವರಿಗೆ ಉರುಮೆ ಹೊಸದಲ್ಲ. ಎರಡು ಮುಖದ ವಾದ್ಯ, ಒಂದು ಮುಖಕ್ಕೆ ಕೋಲಿನಿಂದ ಹೊಡೆತ, ಇನ್ನೊಂದು ಮುಖದ ಚರ್ಮದ ಮೇಲೆ ಬಾಗಿದ ಕೋಲಿನಿಂದ ಉಜ್ಜುವುದು. ಉಜ್ಜಿದಾಗ ಹೊಟ್ಟೆಯೊಳಗಿಂದ ಬಂದಂಥ ಒಂದು ನರಳಿಕೆ ಏಳುತ್ತದೆ. ಅವತ್ತು ನಾನು ಬಾರಿಸುವವರಿಂದ ಎರಡು ಮಾರು ದೂರದಲ್ಲಿ ನಿಂತಿದ್ದೆ. ಕೋಲು ಚರ್ಮದ ಮೇಲೆ ಜಾರುವಾಗ ಅವರ ಮಣಿಕಟ್ಟು ಹೇಗೆ ತಿರುಗುತ್ತದೆ, ಒತ್ತು ಹೆಚ್ಚಾದಾಗ ನರಳಿಕೆ ಹೇಗೆ ಮೇಲಕ್ಕೆ ಸೀಳುತ್ತದೆ ಅಂತ ನೋಡುತ್ತಿದ್ದಾಗ ತಟ್ಟನೆ ನೆನಪಾಯಿತು: ಇದನ್ನು ಅಡುಗೆಮನೆ ಕಟ್ಟೆಯ ಮೇಲೆ ಕೇಳಿದ್ದೇನೆ.

ಮನೆಗೆ ಬಂದು ಅಣ್ಣನ ಮಗನಿಗೆ ಫೋನ್ ಮಾಡಿದೆ. “ಅತ್ತೆ, ಅದು ಕುಯಿಕಾ, ಬ್ರೆಜಿಲ್ ದೇಶದ್ದು” ಅಂದ. ಕುಯಿಕಾ ಕೂಡ ಉಜ್ಜುವ ಚರ್ಮವಾದ್ಯವೇ. ಅದರ ಚರ್ಮದ ನಡುವಿಗೆ ಒಳಗಡೆಯಿಂದ ತೆಳ್ಳನೆ ಕಡ್ಡಿ ಕಟ್ಟಿರುತ್ತಾರೆ. ಒಂದು ಕೈ ಒಳಗೆ ಹಾಕಿ ಒದ್ದೆಬಟ್ಟೆಯಿಂದ ಆ ಕಡ್ಡಿಯನ್ನು ಉಜ್ಜುತ್ತ, ಇನ್ನೊಂದು ಕೈಯ ಬೆರಳಿಂದ ಹೊರಗಡೆ ಚರ್ಮ ಒತ್ತಿ ಸ್ವರ ಏರಿಳಿಸುತ್ತಾರೆ. ಗೋಲ್ಡ್‌ಸ್ಮಿತ್ ಇದರಿಂದ ವಾನರರ ಹೂಂಕಾರ ತೆಗೆದಿದ್ದಾರೆ. ‘ದಿ ಹಂಟ್’ನಲ್ಲಿ ಕುದುರೆ ಮೇಲೆ ಬಂದ ವಾನರರು ಜೋಳದ ಹೊಲದಲ್ಲಿ ಮನುಷ್ಯರನ್ನು ಬೇಟೆಯಾಡುವಾಗ ಇದು ಕೇಳುತ್ತದೆ. ಜೊತೆಗೆ ಟಗರಿನ ಕೊಂಬಿನ ಕಹಳೆ. ಕೊಂಬು ಕಹಳೆಗಳನ್ನು ದೇವರ ಉತ್ಸವದಲ್ಲಿ ಕೇಳಿದ ನಮಗೆ ಆ ಕೂಗು ಕಿವಿಗೆ ಬೀಳುವ ಮೊದಲೇ ಮೈಗೆ ತಾಗುತ್ತದೆ. ನಮ್ಮ ಸೀಮೆಯವರಿಗೆ ಇದು ದೊಡ್ಡ ಅನುಕೂಲ. ಆದ್ದರಿಂದ ಮೊದಲ ಸುತ್ತು ಮುಗಿಸುವ ಮುಂಚೆ, ಸಾಧ್ಯವಾದರೆ ಉರುಮೆಯನ್ನು ಹತ್ತಿರ ನಿಂತು ಒಮ್ಮೆ ಕೇಳಿ. ವಿಡಿಯೋದಲ್ಲಿ ಅಲ್ಲ, ಚರ್ಮದ ವಾಸನೆ ಬರುವಷ್ಟು ಹತ್ತಿರ.

ಎರಡನೇ ಸುತ್ತು ಷಡ್ಜದ್ದು. ನಮ್ಮಂಥವರು ಎಡವುವುದೇ ಇಲ್ಲಿ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ನಮ್ಮ ಪದ್ಧತಿಯಲ್ಲಿ ಸ್ವರಸ್ಥಾನಗಳು 12. ಪಾಶ್ಚಾತ್ಯರಲ್ಲೂ 12. ವ್ಯತ್ಯಾಸ ಎಣಿಕೆಯಲ್ಲಿಲ್ಲ, ಯಜಮಾನಿಕೆಯಲ್ಲಿದೆ. ನಮ್ಮ 72 ಮೇಳಕರ್ತಗಳಲ್ಲಿ, ಅಂದರೆ ಮೂಲರಾಗಗಳಲ್ಲಿ, ಏನೇ ಬದಲಾದರೂ ಷಡ್ಜ, ಪಂಚಮ ಕದಲುವುದಿಲ್ಲ. ಯಾವ ರಾಗ ಎಷ್ಟು ದೂರ ಹೋದರೂ ಕೊನೆಗೆ ಷಡ್ಜಕ್ಕೆ ಬಂದು ಕಾಲು ಚಾಚುತ್ತದೆ. ಆರ್ನಾಲ್ಡ್ ಶೋನ್‌ಬರ್ಗ್ ಅನ್ನುವ ಸಂಗೀತಗಾರ 1920ರ ದಶಕದ ಆರಂಭದಲ್ಲಿ ವಿಯೆನ್ನಾದಲ್ಲಿ ಇದಕ್ಕೆ ಪೂರ್ತಿ ಎದುರಾದ ಒಂದು ವಿಧಾನ ಕಂಡುಕೊಂಡರು. ಹನ್ನೆರಡೂ ಸ್ವರಗಳನ್ನು ಒಂದು ಸಾಲಿನಲ್ಲಿ ನಿಲ್ಲಿಸುವುದು. ಎಲ್ಲರ ಸರದಿ ಮುಗಿಯುವವರೆಗೆ ಒಂದು ಸ್ವರ ಮತ್ತೆ ಬರುವಂತಿಲ್ಲ. ಆ ಸಾಲನ್ನು ಹಿಂದುಮುಂದಾಗಿ ನಡೆಸಬಹುದು, ಏರುವಲ್ಲಿ ಇಳಿಸಿ ಇಳಿಯುವಲ್ಲಿ ಏರಿಸಿ ಕನ್ನಡಿಯಲ್ಲಿ ನೋಡಿದಂತೆ ತಿರುಗಿಸಬಹುದು. ಶೋನ್‌ಬರ್ಗ್ 1934ರಿಂದ ಲಾಸ್ ಏಂಜಲೀಸ್‌ನಲ್ಲಿ ನೆಲೆಸಿ, 1951ರಲ್ಲಿ ಅಲ್ಲೇ ತೀರಿಕೊಂಡರು. ಗೋಲ್ಡ್‌ಸ್ಮಿತ್ 1929ರಲ್ಲಿ ಹುಟ್ಟಿದ್ದು ಅದೇ ಊರಿನಲ್ಲಿ. ಈ ಸಿನಿಮಾದ ಸಂಗೀತ ಉದ್ದಕ್ಕೂ ಕಟ್ಟುನಿಟ್ಟಾಗಿ ಆ ನಿಯಮದಲ್ಲೇ ಇದೆ ಅಂತಲ್ಲ, ಆದರೆ ಆ ವಿಧಾನವನ್ನು ಧಾರಾಳವಾಗಿ ಬಳಸಿದೆ.

ಓದಿದರೆ ಇದು ತಲೆಗೆ ಹೋಗುವುದಿಲ್ಲ, ಕೈಯಿಂದ ಮಾಡಬೇಕು. ಹಳೇ ಕ್ಯಾಲೆಂಡರಿನ ಹಾಳೆ ಹರಿದು 12 ಚೀಟಿ ಮಾಡಿ. ಷಡ್ಜ, ಶುದ್ಧ ರಿಷಭ, ಚತುಶ್ರುತಿ ರಿಷಭ, ಸಾಧಾರಣ ಗಾಂಧಾರ, ಅಂತರ ಗಾಂಧಾರ, ಶುದ್ಧ ಮಧ್ಯಮ, ಪ್ರತಿ ಮಧ್ಯಮ, ಪಂಚಮ, ಶುದ್ಧ ಧೈವತ, ಚತುಶ್ರುತಿ ಧೈವತ, ಕೈಶಿಕಿ ನಿಷಾದ, ಕಾಕಲಿ ನಿಷಾದ ಅಂತ ಬರೆದು ಸ್ಟೀಲ್ ಚೊಂಬಿಗೆ ಹಾಕಿ ಅಲುಗಿಸಿ. ಒಂದೊಂದಾಗಿ ಎತ್ತಿ, ವಾಪಸ್ ಹಾಕದೆ, ಎಡದಿಂದ ಬಲಕ್ಕೆ ಜೋಡಿಸಿ. ಈಗ ಅದನ್ನು ನುಡಿಸಿ. ವಾದ್ಯ ಇಲ್ಲದಿದ್ದರೆ ಮೊಬೈಲಿನ ಕೀಬೋರ್ಡ್ ಆಪ್ ಸಾಕು.

ನಾನು ಪಿಟೀಲಿನಲ್ಲಿ ನುಡಿಸಿದೆ. ನನ್ನ ಸಾಲು ಪ್ರತಿ ಮಧ್ಯಮದಿಂದ ಶುರುವಾಗಿ ಶುದ್ಧ ರಿಷಭಕ್ಕೆ ಬಿದ್ದು ಅಂತರ ಗಾಂಧಾರಕ್ಕೆ ಹಾರಿತು. ಏಳನೇ ಚೀಟಿಗೆ ಬರುವಷ್ಟರಲ್ಲಿ ಬೆರಳು ತಾನಾಗಿ ಷಡ್ಜದ ಕಡೆ ಜಾರಿತು. ಚೀಟಿಯಲ್ಲಿ ಇದ್ದದ್ದು ಷಡ್ಜ ಅಲ್ಲ. ಎರಡನೇ ಸಲವೂ ಅಲ್ಲೇ ಜಾರಿತು. ಇನ್ನೊಂದು ಕಷ್ಟ, ಧೈವತ ಬಂದ ಕೂಡಲೆ ಬೆರಳು ಗಮಕಕ್ಕೆ, ಅಂದರೆ ಸ್ವರವನ್ನು ತೂಗಿಸುವುದಕ್ಕೆ, ತುಯ್ಯುತ್ತದೆ. ಇಲ್ಲಿ ಗಮಕ ಇಲ್ಲ, ಸ್ವರ ಬೊಟ್ಟಿಟ್ಟ ಹಾಗೆ ನೆಟ್ಟಗೆ ನಿಲ್ಲಬೇಕು. ನಾಲ್ಕು ದಿನ ಬೆಳಿಗ್ಗೆ ಅದೊಂದೇ ಸಾಲನ್ನು ಮುಂದಕ್ಕೆ, ಹಿಂದಕ್ಕೆ ಸಾಧನೆ ಮಾಡಿದೆ. ಐದನೇ ದಿನ ಸಾಲು ಕಿವಿಗೆ ಪರಿಚಯವಾಯಿತು. ಇಂಪಾಯಿತು ಅಂತ ಹೇಳುವುದಿಲ್ಲ. ಒಂದು ಮುಖದ ಗುರುತು ಸಿಕ್ಕಂತಾಯಿತು, ಅಷ್ಟೆ.

ಅವತ್ತೇ ‘ಮೇನ್ ಟೈಟಲ್’ ಮತ್ತೆ ಹಾಕಿದೆ. ಮೊದಲ ಸಲ ನಾನು ಕಾಯುತ್ತಿದ್ದದ್ದು ಷಡ್ಜಕ್ಕೆ. ಈ ಸಲ ಕಾಯಲಿಲ್ಲ. ಆಗ ಕೇಳಿಸಿತು: ಒಂದು ಸ್ವರ ಬರುತ್ತದೆ, ನಿಲ್ಲುತ್ತದೆ, ಸುತ್ತ ಖಾಲಿ. ಇನ್ನೊಂದು ಬೇರೆ ದಿಕ್ಕಿನಿಂದ ಬರುತ್ತದೆ. ಯಾವುದೂ ಇನ್ನೊಂದರ ಮನೆಗೆ ಹೋಗುವುದಿಲ್ಲ. ತಮ್ಮ ಮನೆ ಎಲ್ಲಿದೆ ಅಂತ ಗೊತ್ತಿಲ್ಲದ ಮೂವರ ಕಥೆಗೆ ಷಡ್ಜ ಇರುವ ಸಂಗೀತ ಕೊಟ್ಟಿದ್ದರೆ ಅದು ಸುಳ್ಳಾಗುತ್ತಿತ್ತು. ಗೋಲ್ಡ್‌ಸ್ಮಿತ್ ಆಧಾರವನ್ನು ಮರೆತದ್ದಲ್ಲ, ಬೇಕೆಂದೇ ಕಿತ್ತುಕೊಂಡಿದ್ದಾರೆ. ನೀವು ಕೇಳುವಾಗ ‘ಇದು ಎಲ್ಲಿಗೆ ಹೋಗುತ್ತದೆ’ ಅಂತ ಕೇಳಿಕೊಳ್ಳಬೇಡಿ. ‘ಈಗ ಯಾರು ಬಂದರು, ಎಷ್ಟು ದೂರದಲ್ಲಿದ್ದಾರೆ’ ಅಂತ ಕೇಳಿಕೊಳ್ಳಿ.

ದೂರದ ಮಾತು ಬಂತು. ಇದರಲ್ಲಿ ಎಕೋಪ್ಲೆಕ್ಸ್ ಅನ್ನುವ ಯಂತ್ರ ಬಳಸಿದ್ದಾರೆ. ಟೇಪಿನ ಮೇಲೆ ಸದ್ದನ್ನು ಬರೆದುಕೊಂಡು ಒಂದು ಕ್ಷಣ ತಡವಾಗಿ ವಾಪಸ್ ಕೊಡುತ್ತದೆ, ಮತ್ತೆ ಕೊಡುತ್ತದೆ, ಪ್ರತಿ ಸಲವೂ ಸ್ವಲ್ಪ ಮಸುಕಾಗಿ. ತಾಳವಾದ್ಯದ ಒಂದು ಪೆಟ್ಟು ಇದರೊಳಗೆ ಹೋಗಿ ಬಂಡೆಯಿಂದ ಬಂಡೆಗೆ ಬಡಿದುಕೊಂಡು ಹೋದ ಹಾಗೆ ಕೇಳುತ್ತದೆ. ನಮ್ಮ ಚಿತ್ರದುರ್ಗದ ಕೋಟೆ ನೋಡಿದವರಿಗೆ ವಿವರಿಸಬೇಕಿಲ್ಲ. ಬೆಳಿಗ್ಗೆ ಜನ ಬರುವ ಮುಂಚೆ ಮೇಲೆ ಹತ್ತಿ, ಬಂಡೆಗುಂಡುಗಳು ಎದುರುಬದುರು ನಿಂತ ಜಾಗದಲ್ಲಿ ಒಂದೇ ಒಂದು ಚಪ್ಪಾಳೆ ಹೊಡೆಯಿರಿ. ವಾಪಸ್ ಬಂದ ಚಪ್ಪಾಳೆ ನಿಮ್ಮದೇ, ಆದರೆ ನಿಮ್ಮ ಕೈಯದಲ್ಲ. ‘ದಿ ಸರ್ಚರ್ಸ್’ ತುಂಡನ್ನು ನಾನು ಒಮ್ಮೆ ಅಲ್ಲೇ ಬಂಡೆಯ ಮೇಲೆ ಕೂತು ಕೇಳಿದೆ. ಕೆಳಗೆ ಊರು, ಹಿಂದೆ ಏಳು ಸುತ್ತಿನ ಕಲ್ಲು, ಪಕ್ಕದ ಗೋಡೆಯ ಮೇಲೆ ಮರಿಯನ್ನು ಅವಚಿಕೊಂಡು ಕೂತ ಕೋತಿ. ವಿಜಯಭಾಸ್ಕರ್ ಸಂಗೀತದ ‘ನಾಗರಹಾವು’ 1972ರಲ್ಲಿ ಬಂದ ಮೇಲೆ ಈ ಬಂಡೆಗಳನ್ನು ನೋಡಿದಾಗಲೆಲ್ಲ ನಮಗೆ ಹಾಡು ನೆನಪಾಗುತ್ತದೆ. ಅವತ್ತು ಹಾಡು ಬರಲಿಲ್ಲ. ಹುಟ್ಟಿದಾಗಿನಿಂದ ನೋಡಿದ ಕಲ್ಲುಗಳು ಯಾರದೋ ಊರಿನವು ಅನ್ನಿಸಿತು.

ಮೂರನೇ ಸುತ್ತು ಲಯದ್ದು, ಅದು ‘ದಿ ಹಂಟ್’. ಇಲ್ಲಿ ನಮ್ಮವರಿಗೆ ಅಷ್ಟು ಕಷ್ಟ ಇಲ್ಲ. ಪಿಯಾನೋವನ್ನು ತಂತಿವಾದ್ಯ ಅಂತ ಕೇಳಬೇಡಿ, ಚರ್ಮವಾದ್ಯ ಅಂತ ಕೇಳಿ. ಕೆಳಗಿನ ಮನೆಗಳಲ್ಲಿ ಅದು ಓಡುತ್ತಲೇ ಇರುತ್ತದೆ. ಆದಿತಾಳ ಹಾಕಲು ಹೋದರೆ ಕೈ ತಪ್ಪುತ್ತದೆ, ಒತ್ತುಗಳು ನೀವು ಕಾಯದ ಜಾಗದಲ್ಲಿ ಬೀಳುತ್ತವೆ. ತಾಳ ಬಿಡಿ, ಬರೀ ಓಟದ ಕಾಲಪ್ರಮಾಣಕ್ಕೆ ತೊಡೆಯ ಮೇಲೆ ಬೆರಳು ತಟ್ಟುತ್ತಿರಿ. ಹಿತ್ತಾಳೆ ವಾದ್ಯಗಳ ಒತ್ತು ಬಿದ್ದಾಗ ಇನ್ನೊಂದು ಕೈಯಿಂದ ಒಂದು ಪೆಟ್ಟು. ಕಚೇರಿಯಲ್ಲಿ ಮೃದಂಗದವರ ತನಿ ಆವರ್ತನ ಕೇಳಿ ಅಭ್ಯಾಸ ಇರುವವರಿಗೆ ಮೂರನೇ ಸಲಕ್ಕೆ ಎರಡೂ ಕೈ ಹೊಂದಿಕೊಳ್ಳುತ್ತವೆ. ಹೊಂದಿಕೊಂಡ ಕೂಡಲೇ ಕಹಳೆ ಕೂಗುವಾಗ ಎದೆ ಬಡಿದುಕೊಳ್ಳುತ್ತದೆ, ಯಾಕೆಂದರೆ ಅಷ್ಟರಲ್ಲಿ ನೀವೂ ಓಡುವವರ ಜೊತೆ ಓಡುತ್ತಿರುತ್ತೀರಿ.

ಆಮೇಲೆ ಅದೇ ತುಂಡನ್ನು ಒಂದೊಂದು ಸಲ ಒಂದೊಂದೇ ವಾದ್ಯದ ಬೆನ್ನು ಹಿಡಿದು ಕೇಳಿ. ಒಮ್ಮೆ ಪಿಯಾನೋ ಮಾತ್ರ. ಒಮ್ಮೆ ಪಿಟೀಲುಗಳು ಮಾತ್ರ. ಒಮ್ಮೆ ಕುಯಿಕಾ ಎಲ್ಲೆಲ್ಲಿ ಬರುತ್ತದೆ ಅಂತ ಮಾತ್ರ. ತಪ್ಪಿಸಿಕೊಂಡರೆ ಹಿಂದಕ್ಕೆ ಎಳೆಯಬೇಡಿ, ಮುಂದೆ ಎಲ್ಲಿ ಸಿಕ್ಕಿತೋ ಅಲ್ಲಿಂದ ಹಿಡಿಯಿರಿ. ನನ್ನ ಶಿಷ್ಯೆಯೊಬ್ಬಳು, ಒಂಬತ್ತನೇ ಕ್ಲಾಸಿನವಳು, ಇದನ್ನು ನನಗಿಂತ ಬೇಗ ಕಲಿತಳು. “ಮಿಸ್, ಇದು ಜಾತ್ರೆಯಲ್ಲಿ ಅಮ್ಮನ ಸೆರಗು ಹಿಡಿದುಕೊಂಡು ಹೋದ ಹಾಗೆ” ಅಂದಳು. ಅವಳ ಮಾತಿಗಿಂತ ಚೆನ್ನಾಗಿ ನನಗೆ ಹೇಳಲು ಬರುವುದಿಲ್ಲ.

ಆ ವರ್ಷದ ಆಸ್ಕರ್‌ಗೆ ಇದು ನಾಮನಿರ್ದೇಶನವಾಗಿತ್ತು, ಗೆದ್ದದ್ದು ‘ದಿ ಲಯನ್ ಇನ್ ವಿಂಟರ್’ಗೆ ಜಾನ್ ಬ್ಯಾರಿ ಮಾಡಿದ ಸಂಗೀತ. ಗೋಲ್ಡ್‌ಸ್ಮಿತ್‌ಗೆ ಸಿಕ್ಕ ಒಂದೇ ಆಸ್ಕರ್ 1976ರ ‘ದಿ ಓಮನ್’ ಚಿತ್ರದ್ದು. ಇಲ್ಲಿಂದ ಮುಂದೆ ಹೋಗಬೇಕು ಅನ್ನುವವರು ಅವರದೇ ಸಂಗೀತದ 1970ರ ಸಿನಿಮಾ ‘ಪ್ಯಾಟನ್’ ಕೇಳಿ. ಅಲ್ಲೂ ಎಕೋಪ್ಲೆಕ್ಸ್ ಇದೆ, ತುತ್ತೂರಿಗಳ ಕರೆ ಅದರೊಳಗೆ ಹೋಗಿ ಹಳೇ ಯುದ್ಧಗಳ ನೆನಪಿನಂತೆ ಮಸುಕಾಗುತ್ತದೆ. ಅದು ಇದಕ್ಕಿಂತ ಸುಲಭ, ಅದಕ್ಕೆ ಷಡ್ಜ ಇದೆ.

ಎಲ್ಲ ತುಂಡುಗಳೂ ಪರಿಚಯವಾದ ಮೇಲೆ ಸಿನಿಮಾವನ್ನು ಇನ್ನೊಮ್ಮೆ ನೋಡಿ, ಈ ಸಲ ಹೆಡ್‌ಫೋನ್ ಹಾಕಿಕೊಂಡು. ಪುಸ್ತಕ, ಪೆನ್ನು ಪಕ್ಕದಲ್ಲಿರಲಿ. ಸಂಗೀತ ಎಲ್ಲಿ ಇಲ್ಲ ಅಂತ ಮಾತ್ರ ಬರೆದುಕೊಳ್ಳಿ. ಮಾತು ನಡೆಯುವ ಉದ್ದುದ್ದ ಜಾಗಗಳಲ್ಲಿ ಗೋಲ್ಡ್‌ಸ್ಮಿತ್ ಸುಮ್ಮನಿದ್ದಾರೆ. ಕೊನೆಯ ದೃಶ್ಯ ಬಂದಾಗ, ಬೇರೆ ಯಾವ ಸಂಗೀತಗಾರನಾದರೂ ಇಡೀ ವಾದ್ಯವೃಂದವನ್ನು ಎಬ್ಬಿಸುತ್ತಿದ್ದ ಆ ಜಾಗದಲ್ಲಿ, ಒಂದು ಸ್ವರವೂ ಇಲ್ಲ. ಸಮುದ್ರದ ಅಲೆಯ ಸದ್ದು ಮಾತ್ರ. ಹೆಸರುಗಳು ತೆರೆಯ ಮೇಲೆ ಬರುವಾಗಲೂ ಅದೇ ಅಲೆ. ಮುಗಿಯಿತು ಅಂತ ಏಳಬೇಡಿ. ಪೂರ್ತಿ ಕತ್ತಲಾಗುವವರೆಗೆ ಹೆಡ್‌ಫೋನ್ ಕಿವಿಯ ಮೇಲೇ ಇರಲಿ.